ನಾರುಹುಣ್ಣಿನಿಂದ ಥೈಲೇರಿಯಾದವರೆಗೆ: ರಕ್ಷಣಾ ಕೋಶಗಳ ಸಂಕೇತ ಕೆಡಿಸುವ ಪರಾವಲಂಬಿಗಳು

ನಾರುಹುಣ್ಣಿನ ಹೆಣ್ಣು ಹುಳು ಮನುಷ್ಯನ ಮೈಯೊಳಗೆ ಸುಮಾರು ಒಂದು ವರ್ಷ ಬೆಳೆಯುತ್ತದೆ. ಕೊನೆಯ ಹೊತ್ತಿಗೆ ಅದರ ಉದ್ದ ಎರಡರಿಂದ ಮೂರು ಅಡಿ. ಹೆಚ್ಚಾಗಿ ಮೊಣಕಾಲಿನ ಕೆಳಗೆ, ಚರ್ಮದಡಿಯಲ್ಲಿ ಅದು ನೀಳವಾಗಿ ಚಾಚಿಕೊಂಡಿರುತ್ತದೆ. ಜಾಲಿಮುಳ್ಳಿನ ತುದಿ ಮುರಿದು ಒಳಗುಳಿದರೆ ಎರಡೇ ದಿನದಲ್ಲಿ ಕೆಂಪಾಗಿ, ಬಿಸಿಯಾಗಿ ಕೀವು ಕಟ್ಟುವ ಕಾಲು ಅದು. ಅಂಥ ಕಾಲಿನಲ್ಲಿ ಇಷ್ಟುದ್ದದ ಜೀವಂತ ಹುಳು ತಿಂಗಳುಗಟ್ಟಲೆ ಇದ್ದರೂ ನೋವಿಲ್ಲ, ಬಾವಿಲ್ಲ, ಜ್ವರವಿಲ್ಲ. ಮರಿ ಹಾಕುವ ಸಮಯ ಬಂದಾಗ ಮಾತ್ರ ಚರ್ಮದ ಮೇಲೆ ಬೊಬ್ಬೆ ಎದ್ದು ಉರಿ ಶುರುವಾಗುತ್ತದೆ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುವಾಗ ಹುಳು ಒಳಗೇ ತುಂಡಾದರೆ, ಅಲ್ಲಿಯವರೆಗೆ ಸುಮ್ಮನಿದ್ದ ಮಾಂಸ ಒಮ್ಮೆಗೇ ಕೆರಳಿ ಕಾಲು ಊದಿಕೊಳ್ಳುತ್ತದೆ. ದೇಹಕ್ಕೆ ಹೋರಾಡುವ ಶಕ್ತಿ ಇತ್ತು ಎಂಬುದಕ್ಕೆ ಆ ಊತವೇ ಸಾಕ್ಷಿ. ಹೋರಾಡಬೇಕೆಂಬ ಸುದ್ದಿ ಕೋಶದಿಂದ ಕೋಶಕ್ಕೆ ಹೋಗದಂತೆ ಜೀವಂತ ಹುಳು ತಡೆದಿಟ್ಟಿತ್ತು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ತಾಲ್ಲೂಕುಗಳು ಸೇರಿದ್ದ ಅಂದಿನ ರಾಯಚೂರು ಜಿಲ್ಲೆ ನಾರುಹುಣ್ಣಿನ ಹಳೆಯ ನೆಲೆಗಳಲ್ಲಿ ಒಂದು. ಮಳೆ ಕಡಿಮೆಯಾದ ಸೀಮೆಯಲ್ಲಿ ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳೇ ಅದರ ಹರಡುವಿಕೆಗೆ ಕಾರಣ. ಹುಣ್ಣಿದ್ದ ಕಾಲನ್ನು ತಂಪಿಗೆಂದು ನೀರಿನಲ್ಲಿಟ್ಟರೆ ಹುಳು ಸಾವಿರಾರು ಮರಿಗಳನ್ನು ಚೆಲ್ಲುತ್ತದೆ. ಅವನ್ನು ಸೈಕ್ಲೋಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜಲಜೀವಿ ನುಂಗುತ್ತದೆ, ಆ ನೀರನ್ನು ಸೋಸದೆ ಕುಡಿದವರಿಗೆ ಮುಂದಿನ ವರ್ಷ ಹುಣ್ಣು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ಡಾ. ವಿ. ಎನ್. ಮೂರ್ತಿ ಈ ರೋಗವನ್ನು ವಿವರವಾಗಿ ಅಭ್ಯಾಸ ಮಾಡಿದರು. ಡಬ್ಲ್ಯು. ಸಿ. ಸ್ವೀಟ್ ಅವರ ಜೊತೆ ಸೇರಿ ಸೈಕ್ಲೋಪ್ಸ್ ತಿನ್ನುವ ಮೀನುಗಳನ್ನು ಬಾವಿಗೆ ಬಿಡುವ ಉಪಾಯವನ್ನೂ, ನಾಯಿಗಳಿಗೆ ಸೋಂಕು ಹತ್ತಿಸುವ ಪ್ರಯೋಗಗಳನ್ನೂ ಪ್ರಕಟಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವ ಹೊತ್ತಿಗೆ ನಾರುಹುಣ್ಣು ಭಾರತದಿಂದ ಹೋಗಿತ್ತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ದೃಢೀಕರಿಸಿತು. ಗಮನಿಸಬೇಕಾದದ್ದು ಇಷ್ಟು: ಈ ಗೆಲುವಿನಲ್ಲಿ ಲಸಿಕೆಯೂ ಇರಲಿಲ್ಲ, ಹುಳು ಕೊಲ್ಲುವ ಔಷಧವೂ ಇರಲಿಲ್ಲ. ಬಟ್ಟೆಯಲ್ಲಿ ಸೋಸಿದ ನೀರು, ಬೋರ್‌ವೆಲ್ಲು, ಬಾವಿಯ ಸುತ್ತ ಕಟ್ಟೆ, ಸೈಕ್ಲೋಪ್ಸ್ ಸಾಯಿಸುವ ಟೆಮಿಫಾಸ್, ಇವೇ ಸಾಧನ. ಒಮ್ಮೆ ಬಂದವರಿಗೆ ಮತ್ತೆ ವರ್ಷವರ್ಷವೂ ಬರುತ್ತಿದ್ದ ರೋಗ ಇದು. ಹತ್ತು ಸಲ ಹುಳು ಬಂದರೂ ದೇಹ ಅದರಿಂದ ಪಾಠ ಕಲಿಯುತ್ತಿರಲಿಲ್ಲ.

ದೇಹ ಪಾಠ ಕಲಿಯುವುದು ಸಂಕೇತಗಳಿಂದ. ಚರ್ಮ, ಕರುಳು, ಶ್ವಾಸಕೋಶಗಳ ಗೋಡೆಯಲ್ಲಿ ಡೆಂಡ್ರೈಟಿಕ್ ಕೋಶಗಳೂ ಮ್ಯಾಕ್ರೋಫೇಜ್‌ಗಳೂ ಕಾವಲಿರುತ್ತವೆ. ಅವುಗಳ ಮೈಮೇಲೆ ಟೋಲ್ ಗ್ರಾಹಿಗಳೆಂಬ ಪ್ರೋಟೀನುಗಳಿವೆ. ರೋಗಾಣುವಿನ ಯಾವುದಾದರೂ ಅಣು ಅಲ್ಲಿಗೆ ತಾಗಿದೊಡನೆ ಗ್ರಾಹಿಯ ಒಳತುದಿಗೆ ಮೈಡಿ88 ಎಂಬ ಪ್ರೋಟೀನು ಬಂದು ಕೂಡುತ್ತದೆ. ಅಲ್ಲಿಂದ ಕೈನೇಸ್ ಕಿಣ್ವಗಳು ಒಂದಾದ ಮೇಲೊಂದು ಮುಂದಿನ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತ ಹೋಗುತ್ತವೆ. ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ಕೋಶದ್ರವದಲ್ಲಿ ಹಿಡಿದಿಟ್ಟಿದ್ದ ಇನ್ನೊಂದು ಪ್ರೋಟೀನು ಫಾಸ್ಫೇಟ್ ಹತ್ತಿದೊಡನೆ ಒಡೆದು ನಾಶವಾಗುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರ ಹೊಕ್ಕು ಜೀನುಗಳನ್ನು ಚಾಲೂ ಮಾಡುತ್ತದೆ. ಇಷ್ಟಕ್ಕೆ ಬೇಕಾಗುವ ಸಮಯ ಕೆಲವೇ ನಿಮಿಷ. ಆಮೇಲೆ ಕೋಶವು ಸೈಟೋಕೈನ್ ಎಂಬ ಸಂದೇಶವಾಹಕಗಳನ್ನು ಸುರಿಸುತ್ತದೆ, ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ ಕೋಶಕ್ಕೆ ರೋಗಾಣುವಿನ ತುಣುಕನ್ನು ತೋರಿಸುತ್ತದೆ. ಯಾವ ಬಗೆಯ ರಕ್ಷಣೆ ಬೇಕೆಂಬುದು ಅಲ್ಲಿ ತೀರ್ಮಾನವಾಗುತ್ತದೆ. ಕೋಶದೊಳಗಿನ ಶತ್ರುವಿಗೆ ಒಂದು ಬಗೆ, ಹುಳುವಿಗೆ ಇನ್ನೊಂದು. ಹುಳುವಿನ ವಿರುದ್ಧ ಎದ್ದು ನಿಲ್ಲುವುದು ಎರಡನೆಯ ಬಗೆಯ ಸಹಾಯಕ ಟಿ ಕೋಶ, ಇಯೋಸಿನೊಫಿಲ್, ಮಾಸ್ಟ್ ಕೋಶ ಮತ್ತು ಐಜಿಇ ಪ್ರತಿಕಾಯ.

ಹೊರಟ ಸಂಕೇತ ನಿಲ್ಲಲೂ ಬೇಕು. ಕೆರಳಿದ ಕೋಶಗಳು ತಣ್ಣಗಾಗದಿದ್ದರೆ ಶತ್ರುವಿಗಿಂತ ಹೆಚ್ಚು ಹಾನಿ ಸ್ವಂತ ಮಾಂಸಕ್ಕೆ. ಅದಕ್ಕಾಗಿ ದೇಹ ತಡೆಗಳನ್ನು ಇಟ್ಟುಕೊಂಡಿದೆ: ಫಾಸ್ಫೇಟನ್ನು ಕಿತ್ತುಹಾಕುವ ಎಸ್‌ಎಚ್‌ಪಿ-1 ಕಿಣ್ವ, ಸೈಟೋಕೈನ್ ಸಂಕೇತವನ್ನು ಅರ್ಧದಲ್ಲೇ ನಿಲ್ಲಿಸುವ ಸಾಕ್ಸ್ ಪ್ರೋಟೀನುಗಳು, ಶಮನದ ಸುದ್ದಿ ಹೊರುವ ಇಂಟರ್‌ಲ್ಯೂಕಿನ್-10 ಮತ್ತು ಟಿಜಿಎಫ್-ಬೀಟಾ, ಆ ಸುದ್ದಿಯನ್ನು ಹೊರಡಿಸುವ ನಿಯಂತ್ರಕ ಟಿ ಕೋಶ. ಈ ನಿಯಂತ್ರಕ ಕೋಶಗಳನ್ನು ಕಂಡುಹಿಡಿದು ವಿವರಿಸಿದ್ದಕ್ಕೆ ಶಿಮೊನ್ ಸಕಾಗುಚಿ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಪ್ರಶಸ್ತಿ ಬಂದಿತು. ಪರಾವಲಂಬಿಗಳ ಜಾಣತನ ಇರುವುದು ಇಲ್ಲೇ. ಅವು ಸಂಕೇತದ ಸರಪಳಿಯನ್ನು ಕಡಿಯುವುದು ಅಪರೂಪ. ದೇಹವೇ ಇಟ್ಟುಕೊಂಡ ತಡೆಯನ್ನು ಹೊರಗಿನಿಂದ ಒತ್ತುವುದೇ ಅವುಗಳ ಸಾಮಾನ್ಯ ದಾರಿ. ಲಕ್ಷಾಂತರ ವರ್ಷ ಒಂದೇ ಮನೆಯಲ್ಲಿ ಬದುಕಿದ ಬಾಡಿಗೆದಾರನಿಗೆ ಯಾವ ಸ್ವಿಚ್ಚು ಎಲ್ಲಿದೆ ಎಂಬುದು ಮಾಲೀಕನಷ್ಟೇ ಗೊತ್ತು.

ಈ ತಂತ್ರದ ವಿವರಗಳು ಹೆಚ್ಚು ತಿಳಿದಿರುವುದು ನಾರುಹುಳುವಿನ ಸಂಬಂಧಿಯಾದ ಆನೆಕಾಲು ಹುಳುವಿನಲ್ಲಿ. ಕೊಪ್ಪಳದ ನೆರೆಯ ರಾಯಚೂರು, ಅದರಾಚೆಯ ಯಾದಗಿರಿ, ಕಲಬುರಗಿ ಜಿಲ್ಲೆಗಳು ಆನೆಕಾಲು ರೋಗದ ಸೀಮೆ. ಕೊಳಚೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿ ಬಿಟ್ಟ ಮರಿ ದುಗ್ಧನಾಳ ಸೇರಿ, ಬೆಳೆದು, ಹಲವು ವರ್ಷ ಬದುಕುತ್ತದೆ. ಅದರ ಸೂಕ್ಷ್ಮ ಮರಿಗಳು ರಾತ್ರಿ ಹೊತ್ತು ರಕ್ತದಲ್ಲಿ ತೇಲುತ್ತವೆ. ಅದಕ್ಕೇ ಆರೋಗ್ಯ ಇಲಾಖೆಯವರು ಊರು ಮಲಗಿದ ಮೇಲೆ ಬಂದು ಬೆರಳು ಚುಚ್ಚಿ ರಕ್ತ ತೆಗೆಯುವುದು. ಹಾಗೆ ರಕ್ತದಲ್ಲಿ ಮರಿ ಸಿಕ್ಕವರಲ್ಲಿ ಬಹುಪಾಲು ಜನರ ಕಾಲು ಸರಿಯಾಗೇ ಇರುತ್ತದೆ. ಅವರ ಟಿ ಕೋಶಗಳು ಬೇರೆ ರೋಗಾಣುಗಳಿಗೆ ಎಚ್ಚೆತ್ತರೂ ಆನೆಕಾಲು ಹುಳುವಿನ ಪ್ರತಿಜನಕ ತೋರಿಸಿದಾಗ ಸುಮ್ಮನಿರುತ್ತವೆ. ರಕ್ತದಲ್ಲಿ ಇಂಟರ್‌ಲ್ಯೂಕಿನ್-10 ಹೆಚ್ಚು, ಉರಿಯೂತ ಎಬ್ಬಿಸದ ಐಜಿಜಿ4 ಪ್ರತಿಕಾಯ ಹೇರಳ. ಕಾಲು ಊದಿದವರಲ್ಲಿ ಪರಿಸ್ಥಿತಿ ತಿರುಗುಮುರುಗು: ಮರಿಗಳು ಸಿಗುವುದು ಕಡಿಮೆ, ಟಿ ಕೋಶಗಳ ಪ್ರತಿಕ್ರಿಯೆ ಜೋರು. ಜನ ರೋಗಿ ಎಂದು ಗುರುತಿಸುವುದು ತಡೆ ಮುರಿದುಬಿದ್ದವನನ್ನು. ತಡೆ ಗಟ್ಟಿಯಾಗಿರುವವನು ರೋಗವನ್ನು ಊರಿಗೆ ಹಂಚುತ್ತ ತನಗೇನೂ ಆಗಿಲ್ಲವೆಂದು ಓಡಾಡಿಕೊಂಡಿರುತ್ತಾನೆ.

ಈ ಶಾಂತಿಯನ್ನು ಹುಳು ಹೇಗೆ ಕಟ್ಟುತ್ತದೆ? ಆನೆಕಾಲು ರೋಗದ ಇನ್ನೊಂದು ಹುಳುವಾದ ಬ್ರೂಜಿಯಾದಲ್ಲಿ ನಡೆದ ಕೆಲಸ ಕೆಲವು ಉತ್ತರ ಕೊಟ್ಟಿದೆ. ಅದು ಮನುಷ್ಯನ ಟಿಜಿಎಫ್-ಬೀಟಾವನ್ನು ಹೋಲುವ ಪ್ರೋಟೀನನ್ನೂ, ಎಂಐಎಫ್ ಎಂಬ ಸೈಟೋಕೈನಿನ ನಕಲನ್ನೂ ತಯಾರಿಸುತ್ತದೆ. ಸಿಸ್ಟಾಟಿನ್ ಎಂಬ ಪ್ರೋಟೀನಿನಿಂದ, ಪ್ರತಿಜನಕವನ್ನು ತುಂಡರಿಸಿ ಟಿ ಕೋಶಕ್ಕೆ ತೋರಿಸುವ ಕಿಣ್ವಗಳ ಕೈ ಕಟ್ಟುತ್ತದೆ. ಅದರ ಮರಿಗಳ ಸಂಪರ್ಕಕ್ಕೆ ಬಂದ ಮನುಷ್ಯರ ಡೆಂಡ್ರೈಟಿಕ್ ಕೋಶಗಳಲ್ಲಿ ಎಂಟಾರ್ ಎಂಬ ಸಂಕೇತಮಾರ್ಗ ಕುಗ್ಗುತ್ತದೆ. ಕೋಶದ ಬೆಳವಣಿಗೆ, ಆಹಾರ, ಪ್ರೋಟೀನು ತಯಾರಿಕೆ ಎಲ್ಲವನ್ನೂ ನೋಡಿಕೊಳ್ಳುವ ಮಾರ್ಗ ಅದು. ಅದು ಮಂದವಾದ ಕೋಶಕ್ಕೆ ಟಿ ಕೋಶವನ್ನು ಎಬ್ಬಿಸುವ ತ್ರಾಣ ಉಳಿಯುವುದಿಲ್ಲ. ಎಲ್ಲಕ್ಕಿಂತ ಕೂಲಂಕಷವಾಗಿ ಅಭ್ಯಾಸವಾದದ್ದು ಇಎಸ್-62. ಸ್ಕಾಟ್ಲೆಂಡಿನ ವಿಲಿಯಂ ಹಾರ್ನೆಟ್, ಮಾರ್ಗರೆಟ್ ಹಾರ್ನೆಟ್ ಮತ್ತು ಸಂಗಡಿಗರು ಮರಳುಇಲಿಯ ಫೈಲೇರಿಯಾ ಹುಳು ಸ್ರವಿಸುವ ಈ ಪ್ರೋಟೀನಿನ ಹಿಂದೆ ದಶಕಗಳಿಂದ ಬಿದ್ದಿದ್ದಾರೆ. ಅದರ ಮೈಗೆ ಫಾಸ್ಫೊರಿಲ್‌ಕೋಲಿನ್ ಎಂಬ ಸಣ್ಣ ಅಣು ಹತ್ತಿಕೊಂಡಿದೆ. ಅದು ಟೋಲ್-4 ಗ್ರಾಹಿಗೆ ತಾಗುತ್ತದೆ, ಆದರೆ ಬ್ಯಾಕ್ಟೀರಿಯದ ಅಣು ತಾಗಿದಾಗ ಆಗುವಂತೆ ಕೋಶ ಕೆರಳುವುದಿಲ್ಲ. ಮಾಸ್ಟ್ ಕೋಶದಲ್ಲಿ ಪ್ರೋಟೀನ್ ಕೈನೇಸ್ ಸಿ ಕಿಣ್ವದ ಒಂದು ರೂಪವನ್ನು ಅದು ಬಂಧಿಸಿ ನಾಶಕ್ಕೆ ಒಪ್ಪಿಸುತ್ತದೆ. ಆಮೇಲೆ ಐಜಿಇ ಎಷ್ಟು ಕೂಗಿದರೂ ಆ ಕೋಶ ಹಿಸ್ಟಮಿನ್ ಸುರಿಸುವುದಿಲ್ಲ. ಕರೆಗಂಟೆಯನ್ನೇ ಬಾಗಿಲು ಹಾಕುವ ಗುಂಡಿಯಾಗಿ ಬದಲಾಯಿಸುವ ಈ ನಯ ಯಾವ ಔಷಧ ಕಂಪನಿಗೂ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ.

ಆನೆಕಾಲು ರೋಗ ತಡೆಯಲು ಸಾಮೂಹಿಕವಾಗಿ ನುಂಗಿಸುವ ಮಾತ್ರೆಗಳ ಕೆಲಸವನ್ನು ಅರ್ಥ ಮಾಡಿಕೊಳ್ಳಲೂ ಇದು ಬೇಕು. ಯಾದಗಿರಿ ಜಿಲ್ಲೆ ದೇಶದಲ್ಲಿ ಮೊದಲಿಗೆ ಮೂರು ಔಷಧಗಳನ್ನು, ಅಂದರೆ ಐವರ್‌ಮೆಕ್ಟಿನ್, ಡಿಇಸಿ, ಆಲ್ಬೆಂಡಜೋಲ್, ಒಟ್ಟಿಗೆ ಕೊಟ್ಟ ಕೆಲವೇ ಜಿಲ್ಲೆಗಳಲ್ಲೊಂದು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಮೈಯಲ್ಲಿ ಸಿಗುವಷ್ಟೇ ಪ್ರಮಾಣದ ಐವರ್‌ಮೆಕ್ಟಿನ್ ಹಾಕಿದರೆ ಫೈಲೇರಿಯಾ ಮರಿಗಳು ಸಾಯುವುದಿಲ್ಲ, ಹೊರಳಾಡುತ್ತಲೇ ಇರುತ್ತವೆ. ಮನುಷ್ಯನ ರಕ್ತದಲ್ಲಿ ಮಾತ್ರ ಒಂದೆರಡು ದಿನದಲ್ಲಿ ಮಾಯ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ವಿವರಣೆ ಕೊಟ್ಟಿತು. ಮರಿಯ ವಿಸರ್ಜನಾ ರಂಧ್ರದ ಸುತ್ತಲಿನ ಸ್ನಾಯುವಿನಲ್ಲಿ ಈ ಔಷಧ ಹಿಡಿಯುವ ಗ್ರಾಹಿಗಳಿವೆ, ಔಷಧ ಬಿದ್ದಾಗ ಆ ರಂಧ್ರದಿಂದ ಪ್ರೋಟೀನುಗಳು ಹೊರಬರುವುದು ತಗ್ಗುತ್ತದೆ. ಅಂದರೆ ಹುಳುವಿನ ಬಾಯಿ ಮುಚ್ಚಿಸುವುದು ಔಷಧದ ಕೆಲಸ, ಕೊಲ್ಲುವುದು ಎಚ್ಚೆತ್ತ ಬಿಳಿರಕ್ತಕಣಗಳ ಕೆಲಸ. ಡಿಇಸಿ ಕೂಡ ದೇಹದ ನೆರವಿಲ್ಲದೆ ಅಷ್ಟು ಚೆನ್ನಾಗಿ ಕೆಲಸ ಮಾಡದು. ಮಾತ್ರೆ ನುಂಗಿದ ರಾತ್ರಿ ಕೆಲವರಿಗೆ ಜ್ವರ, ಮೈಕೈ ನೋವು ಬರುವುದೂ ಇದರಿಂದಲೇ. ಸತ್ತ ಮರಿಗಳ ಒಳಗೆ ವುಲ್ಬಾಕಿಯಾ ಎಂಬ ಬ್ಯಾಕ್ಟೀರಿಯ ಇರುತ್ತದೆ, ಮರಿ ಒಡೆದಾಗ ಅದು ಹೊರಬಿದ್ದು ಟೋಲ್ ಗ್ರಾಹಿಗಳನ್ನು ಬಡಿದೆಬ್ಬಿಸುತ್ತದೆ. ಮೈಯಲ್ಲಿ ಹುಳುವೇ ಇಲ್ಲದವನಿಗೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಜ್ವರ ಬಂದರೆ ಮಾತ್ರೆ ಕೆಟ್ಟದ್ದೆಂದು ಮುಂದಿನ ವರ್ಷ ಹಿತ್ತಲಿಗೆ ಎಸೆಯುವವರಿಗೆ ಆಶಾ ಕಾರ್ಯಕರ್ತೆಯರು ಇಷ್ಟನ್ನು ತಿಳಿಸಿ ಹೇಳಿದರೆ ಅರ್ಧ ಕೆಲಸ ಆದಂತೆ.

ಕುರಿಯ ಹೊಟ್ಟೆಗೆ ಬಂದರೆ ಇದೇ ಕತೆ ಹಣದ ಲೆಕ್ಕಕ್ಕೆ ಇಳಿಯುತ್ತದೆ. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳು ಕೆಂಗುರಿ ತಳಿಯ ತವರು. ಯಲಬುರ್ಗಾ, ಕುಷ್ಟಗಿಯ ಮಸಾರಿ ಬೀಳುಗಳಲ್ಲಿ ಕುರಿ ಸಾಕಣೆಯೇ ಎಷ್ಟೋ ಮನೆಗಳ ಆಧಾರ. ಮಳೆಗಾಲದ ಹಸಿರಿನ ಜೊತೆ ಕುರಿಯ ಹೊಟ್ಟೆ ಸೇರುವ ಹೀಮಾಂಕಸ್ ಜಂತು ನಾಲ್ಕನೆಯ ಜಠರದ ಗೋಡೆಗೆ ಕಚ್ಚಿ ರಕ್ತ ಹೀರುತ್ತದೆ. ಒಂದು ಹೆಣ್ಣು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕಣ್ಣಿನ ಒಳರೆಪ್ಪೆ ಬೆಳ್ಳಗಾಗಿ, ಗದ್ದದಡಿ ನೀರು ತುಂಬಿ ಊದಿಕೊಂಡ ಕುರಿ ಕಂಡಾಗ ಕುರಿಗಾರರು ಜಂತಿನ ಔಷಧಕ್ಕೆ ಓಡುತ್ತಾರೆ. ಈ ಜಂತು ಸ್ರವಿಸುವ ಗ್ಯಾಲೆಕ್ಟಿನ್‌ಗಳು ಆಡಿನ ಬಿಳಿರಕ್ತಕಣಗಳಿಗೆ ಅಂಟಿ ಅವುಗಳ ವಿಭಜನೆಯನ್ನೂ ಸೈಟೋಕೈನ್ ಸ್ರವಿಕೆಯನ್ನೂ ಬದಲಿಸುತ್ತವೆ; ಅದರ ಕ್ಯಾಲ್‌ರೆಟಿಕ್ಯುಲಿನ್ ಪ್ರೋಟೀನು ರಕ್ತದ ಪೂರಕ ವ್ಯವಸ್ಥೆಯ ಮೊದಲ ಕೊಂಡಿಯಾದ ಸಿ1ಕ್ಯು ಅನ್ನು ಹಿಡಿದಿಡುತ್ತದೆ. ಇಲಿಗಳ ಕರುಳಿನ ಒಂದು ಸಂಬಂಧಿ ಹುಳುವಿನಲ್ಲಿ ಗ್ಲಾಸ್ಗೊದ ರಿಕ್ ಮೈಜಲ್ಸ್ ಅವರ ಬಳಗ 2017ರಲ್ಲಿ ಕಂಡದ್ದು ಇನ್ನೂ ಅಚ್ಚರಿಯದು. ಆ ಹುಳುವಿನ ಒಂದು ಪ್ರೋಟೀನು ರಚನೆಯಲ್ಲಿ ಟಿಜಿಎಫ್-ಬೀಟಾವನ್ನು ಸ್ವಲ್ಪವೂ ಹೋಲುವುದಿಲ್ಲ. ಬೇರೆಯದೇ ಪ್ರೋಟೀನು ಮನೆತನದ್ದು. ಆದರೂ ಅದೇ ಗ್ರಾಹಿಗೆ ಸರಿಯಾಗಿ ಕೂತು, ಟಿ ಕೋಶವನ್ನು ನಿಯಂತ್ರಕ ಕೋಶವಾಗಿ ಮಾರ್ಪಡಿಸುತ್ತದೆ. ಅದರದೇ ಇನ್ನೊಂದು ಪ್ರೋಟೀನು, ಸಾಯುತ್ತಿರುವ ಕರುಳಿನ ಕೋಶದ ಡಿಎನ್‌ಎಗೆ ಒಂದು ಕೈಯನ್ನೂ, ಅಪಾಯದ ಸುದ್ದಿ ಹೊರುವ ಇಂಟರ್‌ಲ್ಯೂಕಿನ್-33ಕ್ಕೆ ಇನ್ನೊಂದು ಕೈಯನ್ನೂ ಹಾಕಿ, ಸುದ್ದಿ ಆ ಹೆಣದಿಂದ ಆಚೆ ಹೋಗದಂತೆ ಕಟ್ಟಿಹಾಕುತ್ತದೆ.

ಈ ತಡೆಯನ್ನು ನೇರವಾಗಿ ಎದುರಿಸುವ ಬದಲು ಬದಿಯಿಂದ ದಾಟುವ ಒಂದು ಉಪಾಯ ಫಲಿಸಿದೆ. ಹೀಮಾಂಕಸ್ ಜಂತಿನ ಕರುಳಿನ ಒಳಗೋಡೆಯ ಪ್ರೋಟೀನುಗಳು ಕುರಿಯ ರಕ್ಷಣಾ ಕೋಶಗಳಿಗೆ ಸಹಜವಾಗಿ ಎಂದೂ ಕಾಣವು. ಕಾಣದ ವಸ್ತುವಿನ ಬಗ್ಗೆ ಜಂತು ಯಾವ ತಡೆಯನ್ನೂ ಹಾಕಿಲ್ಲ. ಅವನ್ನೇ ಲಸಿಕೆಯಾಗಿ ಚುಚ್ಚಿದರೆ ಕುರಿಯ ರಕ್ತದಲ್ಲಿ ಪ್ರತಿಕಾಯ ತುಂಬುತ್ತದೆ, ರಕ್ತ ಹೀರಿದ ಜಂತಿನ ಕರುಳೊಳಗೇ ಅದು ಹೋಗಿ ಕೆಲಸ ಮಾಡುತ್ತದೆ. ಎಡಿನ್‌ಬರೋ ಬಳಿಯ ಮೊರೆಡನ್ ಸಂಸ್ಥೆಯಲ್ಲಿ ರೂಪುಗೊಂಡ ಈ ಬಾರ್ಬರ್‌ವ್ಯಾಕ್ಸ್ 2014ರಲ್ಲಿ ಆಸ್ಟ್ರೇಲಿಯದಲ್ಲಿ ಮಾರಾಟಕ್ಕೆ ಬಂತು. ಅದರ ಮಿತಿಯೂ ಅದೇ ತರ್ಕದ್ದು: ಸಹಜ ಸೋಂಕು ಆ ಪ್ರೋಟೀನನ್ನು ನೆನಪಿಸದ ಕಾರಣ ಲಸಿಕೆಯನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಗಂಗಾವತಿ, ಕಾರಟಗಿಯ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಸುಗ್ಗಿಯಾದ ಮೇಲೆ ಕುರಿ ಬಿಟ್ಟರೆ ಇನ್ನೊಂದು ಶತ್ರು ಎದುರಾಗುತ್ತದೆ. ನಿಂತ ನೀರಿನ ಬಸವನಹುಳುವಿನಲ್ಲಿ ಬೆಳೆದು ಹುಲ್ಲಿಗೆ ಹತ್ತಿಕೊಳ್ಳುವ ಫ್ಯಾಸಿಯೋಲಾ, ಅಂದರೆ ಯಕೃತ್ತಿನ ಚಪ್ಪಟೆ ಹುಳು. ಅದು ಸುರಿಸುವ ಕೆಥೆಪ್ಸಿನ್ ಕಿಣ್ವಗಳು ಪ್ರತಿಕಾಯಗಳನ್ನು ಕತ್ತರಿಸುತ್ತವೆ. ಮ್ಯಾಕ್ರೋಫೇಜಿನ ಒಳಚೀಲಗಳಿಗೆ ಹೊಕ್ಕು ಟೋಲ್-3 ಗ್ರಾಹಿಯನ್ನೇ ಅರಗಿಸುತ್ತವೆ. ಇಲ್ಲಿ ತಡೆ ಒತ್ತುವ ನಯವಿಲ್ಲ, ಗ್ರಾಹಿಯನ್ನೇ ಕಿತ್ತು ತಿನ್ನುವ ಒರಟುತನ. ತಳಿಯಿಂದ ತಳಿಗೆ ವ್ಯತ್ಯಾಸವೂ ಇದೆ. ಇಂಡೋನೇಷ್ಯಾದ ತೆಳುಬಾಲದ ಕುರಿ, ಭಾರತದಲ್ಲೂ ಸಾಮಾನ್ಯವಾದ ಜೈಗ್ಯಾಂಟಿಕಾ ಜಾತಿಯ ಹುಳುವನ್ನು ಮರಿಯಾಗಿದ್ದಾಗಲೇ ಹೊಡೆದುಹಾಕುತ್ತದೆ, ಆದರೆ ಹೆಪಾಟಿಕಾ ಜಾತಿಯ ಎದುರು ಸೋಲುತ್ತದೆ. ಮೆರಿನೊ ಕುರಿಗೆ ಎರಡರ ಎದುರೂ ಆಗುವುದಿಲ್ಲ. ನಮ್ಮ ಕೆಂಗುರಿ, ದಖ್ಖನಿ ತಳಿಗಳನ್ನು ಇಂಥ ಕಣ್ಣಿನಿಂದ ನೋಡುವುದು ತೂಕ, ಉಣ್ಣೆಯ ಲೆಕ್ಕ ಹಾಕುವಷ್ಟೇ ಮುಖ್ಯವಾದ ಸಂಶೋಧನೆ.

ದನಗಳಲ್ಲಿ ಥೈಲೇರಿಯಾ ಮಾಡುವುದು ಇವೆಲ್ಲಕ್ಕೂ ವಿರುದ್ಧ. ಹಯಲೊಮ್ಮಾ ಜಾತಿಯ ಉಣ್ಣೆ ಕಚ್ಚಿದಾಗ ಅದರ ಜೊಲ್ಲಿನಿಂದ ಈ ಏಕಕೋಶ ಜೀವಿ ಹಸುವಿನ ಮ್ಯಾಕ್ರೋಫೇಜ್ ಅಥವಾ ಬಿ ಕೋಶದೊಳಗೆ ನುಗ್ಗುತ್ತದೆ. ತನ್ನ ಸುತ್ತಲಿನ ಪೊರೆಯನ್ನು ಕರಗಿಸಿ ಕೋಶದ್ರವದಲ್ಲಿ ಬತ್ತಲೆಯಾಗಿ ಕೂರುತ್ತದೆ. ಆಮೇಲೆ ಎನ್‌ಎಫ್-ಕಪ್ಪಾಬಿಯನ್ನು ಬಿಡಿಸುವ ಕೈನೇಸ್ ಗುಂಪನ್ನು ತನ್ನ ಮೈಮೇಲೆಯೇ ರಾಶಿ ಹಾಕಿಕೊಳ್ಳುತ್ತದೆ. ಹೊರಗಿನಿಂದ ಯಾವ ಸುದ್ದಿಯೂ ಬಾರದೆಯೇ ಸಂಕೇತ ಹಗಲು ರಾತ್ರಿ ನಡೆಯುತ್ತಲೇ ಇರುತ್ತದೆ. ರಕ್ಷಣೆಗೆಂದು ಇದ್ದ ಕೋಶ ಸಾವನ್ನು ಮರೆತು ಕ್ಯಾನ್ಸರ್ ಕೋಶದಂತೆ ವಿಭಜಿಸತೊಡಗುತ್ತದೆ. ಪ್ರತಿ ವಿಭಜನೆಯಲ್ಲೂ ಪರಾವಲಂಬಿ ಕೋಶದ ವಿಭಜನಾ ಎಳೆಗಳಿಗೆ ಜೋತು ಬಿದ್ದು ಎರಡೂ ಮರಿಕೋಶಗಳಲ್ಲಿ ಪಾಲು ಪಡೆಯುತ್ತದೆ. ಹೆಗಲ ಮುಂದಿನ ಗಂಟು ಊದುವುದು, ವಿಪರೀತ ಜ್ವರ, ರಕ್ತಹೀನತೆ, ಹಾಲು ಬತ್ತುವುದು ಹೊರಗೆ ಕಾಣುವ ಲಕ್ಷಣ. ಬ್ಯುಪಾರ್ವಕ್ವೋನ್ ಚುಚ್ಚಿ ಒಳಗಿನ ಜೀವಿಯನ್ನು ಕೊಂದರೆ ಕೋಶ ಮತ್ತೆ ಮೊದಲಿನಂತಾಗುತ್ತದೆ ಅಥವಾ ಸಾಯುತ್ತದೆ. ಮನುಷ್ಯರ ಕ್ಯಾನ್ಸರಿನಲ್ಲಿ ಹೀಗೆ ಹಿಂದಿರುಗುವುದು ಅಪರೂಪವಾದ ಕಾರಣ ಕ್ಯಾನ್ಸರ್ ವಿಜ್ಞಾನಿಗಳಿಗೂ ಥೈಲೇರಿಯಾದ ಮೇಲೆ ಕಣ್ಣು. 2015ರಲ್ಲಿ ಈ ಜೀವಿ ಸ್ರವಿಸುವ ಪಿನ್1 ಎಂಬ ಕಿಣ್ವ ಈ ಬದಲಾವಣೆಗೆ ಒಂದು ಮುಖ್ಯ ಕಾರಣವೆಂದು ತಿಳಿಯಿತು. ಔಷಧಕ್ಕೆ ಬಗ್ಗದ ಥೈಲೇರಿಯಾಗಳಲ್ಲಿ ಅದೇ ಕಿಣ್ವದ ಜೀನು ಬದಲಾಗಿದ್ದುದೂ ಕಂಡಿತು. ವಿದೇಶಿ ತಳಿಯಾದ ಎಚ್‌ಎಫ್ ಹಸುಗಳು ಈ ಜ್ವರಕ್ಕೆ ಸುಲಭವಾಗಿ ಬಲಿಯಾಗುತ್ತವೆ. ಸಾಹಿವಾಲ್ ಹಸುಗಳಿಗೂ ಸೋಂಕು ತಗಲುತ್ತದೆ, ಆದರೆ ಅವುಗಳ ಉರಿಯೂತದ ಪ್ರತಿಕ್ರಿಯೆ ಹದವಾಗಿದ್ದು ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಹಾಲಿನ ಆಸೆಗೆ ಮಿಶ್ರತಳಿ ಕಟ್ಟಿದವರು ಉಣ್ಣೆಯ ಔಷಧಕ್ಕೂ ಖರ್ಚು ಹಿಡಿದಿಡಬೇಕಾದದ್ದು ಇದರಿಂದ. ಹೈದರಾಬಾದಿನಲ್ಲಿ ತಯಾರಾಗುವ ರಕ್ಷಾವ್ಯಾಕ್-ಟಿ ಲಸಿಕೆ ಇಂಥ ರೂಪಾಂತರಗೊಂಡ ಕೋಶಗಳನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ ದುರ್ಬಲಗೊಳಿಸಿದ್ದು.

ಕುರಿ, ಆಡುಗಳ ಗಬ್ಬ ಕಳೆಸುವ ಟಾಕ್ಸೋಪ್ಲಾಸ್ಮಾ ಇನ್ನೊಂದು ದಾರಿ ಹಿಡಿದಿದೆ. ಕೋಶದೊಳಗೆ ಹೋಗುವ ಮುನ್ನವೇ ತನ್ನ ಕೈನೇಸ್ ಕಿಣ್ವವನ್ನು ಅದರೊಳಕ್ಕೆ ಚಿಮ್ಮುತ್ತದೆ. ಆ ಕಿಣ್ವ ಸ್ಟ್ಯಾಟ್-3, ಸ್ಟ್ಯಾಟ್-6 ಪ್ರೋಟೀನುಗಳಿಗೆ ತಾನೇ ಫಾಸ್ಫೇಟ್ ಅಂಟಿಸಿ, ಯಾವ ಸೈಟೋಕೈನೂ ಬಾರದಿದ್ದರೂ ಶಮನದ ಆದೇಶ ಬಂತೆಂದು ಕೋಶವನ್ನು ನಂಬಿಸುತ್ತದೆ. ಕಾಲಾ ಅಜಾರಿನ ಲೀಶ್ಮೇನಿಯಾ ಮ್ಯಾಕ್ರೋಫೇಜಿನ ಎಸ್‌ಎಚ್‌ಪಿ-1 ಕಿಣ್ವವನ್ನು ಎಚ್ಚರಿಸಿ, ತನ್ನನ್ನು ಕೊಲ್ಲಬೇಕಾದ ಕೋಶದಲ್ಲೇ ಹಾಯಾಗಿ ಬೆಳೆಯುತ್ತದೆ.

ಮಲೇರಿಯಾ ತುಂಗಭದ್ರೆಯ ಸೀಮೆಗೆ ಹೊಸದೇನಲ್ಲ. ರೊನಾಲ್ಡ್ ರಾಸ್ 1897ರ ಆಗಸ್ಟ್‌ನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಅದರ ರೋಗಾಣುವನ್ನು ಕಂಡ ಸಿಕಂದರಾಬಾದೂ, ಕೊಪ್ಪಳವೂ ಆಗ ಒಂದೇ ನಿಜಾಮ ಸಂಸ್ಥಾನದಲ್ಲಿದ್ದವು. ಮುನಿರಾಬಾದಿನ ಅಣೆಕಟ್ಟಿನಿಂದ 1950ರ ದಶಕದಲ್ಲಿ ಹರಿದ ನೀರು ಭತ್ತ ಕೊಟ್ಟಿತು. ಕಾಲುವೆಯ ಬಸಿನೀರು, ಗದ್ದೆ ಬದಿಯ ತಗ್ಗು ಅನಾಫಿಲೀಸ್ ಸೊಳ್ಳೆಗೆ ಹೇಳಿಮಾಡಿಸಿದ ಜಾಗ. ಇಂದು ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವವರಲ್ಲಿ ಎಷ್ಟೋ ಜನರಿಗೆ ಮಂಗಳೂರು, ಗೋವಾದ ಕಟ್ಟಡ ಕೆಲಸದ ಜಾಗದಲ್ಲಿ ಚಳಿಜ್ವರ ಗಂಟು ಬೀಳುತ್ತದೆ. ಮಲೇರಿಯಾ ಜೀವಿ ಅಡಗುವ ಕೆಂಪುರಕ್ತಕಣಕ್ಕೆ ಕೋಶಕೇಂದ್ರವೇ ಇಲ್ಲ. ತನ್ನೊಳಗೆ ಯಾರಿದ್ದಾರೆಂದು ಟಿ ಕೋಶಕ್ಕೆ ತೋರಿಸುವ ಸಾಮಗ್ರಿಯೂ ಅದರಲ್ಲಿಲ್ಲ. ಆದರೆ ಫಾಲ್ಸಿಪಾರಂ ಜಾತಿ ಕಣದ ಮೇಲ್ಮೈಗೆ ತನ್ನ ಪ್ರೋಟೀನುಗಳನ್ನು ಕಳುಹಿಸಿ ರಕ್ತನಾಳಕ್ಕೆ ಅಂಟಿಕೊಳ್ಳುತ್ತದೆ. ಈ ಪ್ರೋಟೀನಿಗೆ ಸುಮಾರು 60 ಜೀನುಗಳಿವೆ, ಒಂದು ಸಲಕ್ಕೆ ಒಂದನ್ನು ಮಾತ್ರ ತೋರಿಸುತ್ತದೆ. ಪ್ರತಿಕಾಯ ಸಿದ್ಧವಾಗುವಷ್ಟರಲ್ಲಿ ವೇಷ ಬದಲು. ಇಂಥ ಕಣಗಳು ಡೆಂಡ್ರೈಟಿಕ್ ಕೋಶಕ್ಕೆ ಅಂಟಿಕೊಂಡಾಗ ಅದು ಪ್ರೌಢವಾಗದೆ ಉಳಿಯುತ್ತದೆ ಎಂದು 1999ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಇದೇ ಜೀವಿಯ ರಿಫಿನ್ ಎಂಬ ಪ್ರೋಟೀನುಗಳಲ್ಲಿ ಕೆಲವು, ಬಿ ಕೋಶ ಮತ್ತು ಸಹಜ ಮಾರಕ ಕೋಶಗಳ ಮೇಲಿನ ಎಲ್‌ಐಎಲ್‌ಆರ್‌ಬಿ1 ಗ್ರಾಹಿಯನ್ನು ಹಿಡಿಯುತ್ತವೆ. ಆ ಗ್ರಾಹಿ ಇರುವುದೇ ಸ್ವಂತ ಕೋಶವನ್ನು ಗುರುತಿಸಿ ದಾಳಿ ನಿಲ್ಲಿಸಲಿಕ್ಕೆ. ಅದರ ಒಳತುದಿ ಕರೆಯುವುದೂ ಎಸ್‌ಎಚ್‌ಪಿ-1 ಅನ್ನೇ. ಸಿಡಿದ ಕಣದಿಂದ ಹೊರಬೀಳುವ ಹೀಮೋಜೋಯಿನ್ ಎಂಬ ಕಂದು ಹರಳನ್ನು ನುಂಗಿದ ಮ್ಯಾಕ್ರೋಫೇಜಿಗೆ ಅದು ಜೀರ್ಣವಾಗದೆ, ಮುಂದೆ ಬೇರೆ ರೋಗಾಣುವನ್ನು ನುಂಗಿ ಟಿ ಕೋಶಕ್ಕೆ ತೋರಿಸುವ ಕೆಲಸವೂ ಮಂದವಾಗುತ್ತದೆ. ಮಲೇರಿಯಾ ಸೀಮೆಯ ಮಕ್ಕಳಿಗೆ ವರ್ಷವರ್ಷವೂ ಜ್ವರ ಬರುವುದು, ಊರು ಬಿಟ್ಟು ಬಹುಕಾಲ ಇದ್ದು ಬಂದ ದೊಡ್ಡವರ ಅರೆಬರೆ ರಕ್ಷಣೆ ಕರಗಿ ಹೋಗುವುದು, ಇವುಗಳ ಹಿಂದೆ ಈ ಎಲ್ಲ ತಂತ್ರಗಳ ಪಾಲಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್21 ಲಸಿಕೆ ಈ ಜಗಳಕ್ಕೇ ಹೋಗದೆ, ಸೊಳ್ಳೆ ಬಿಟ್ಟ ಜೀವಿ ಯಕೃತ್ತು ಸೇರುವ ಮೊದಲೇ ಹಿಡಿಯಲು ನೋಡುತ್ತದೆ.

ಒಂದು ಪರಾವಲಂಬಿ ಒತ್ತಿದ ತಡೆ ಬೇರೆ ವಿಷಯಗಳಲ್ಲೂ ಕೆಲಸ ಮಾಡುತ್ತದೆ. ಇಥಿಯೋಪಿಯದಲ್ಲಿ ಕರುಳು ಹುಳುಗಳಿದ್ದವರ ಕೋಶಗಳು ಬಿಸಿಜಿ ಲಸಿಕೆಗೆ ಮಂದವಾಗಿ ಪ್ರತಿಕ್ರಿಯಿಸಿದವು, ಹುಳುವಿನ ಔಷಧ ಕೊಟ್ಟವರಲ್ಲಿ ಪ್ರತಿಕ್ರಿಯೆ ಚುರುಕಾಗಿತ್ತು. ಬ್ರಿಟನ್ನಿನಲ್ಲಿ ಯಕೃತ್ತಿನ ಹುಳುವಿದ್ದ ಹಸುಗಳ ಕ್ಷಯ ಪರೀಕ್ಷೆಯ ಚುಚ್ಚುಮದ್ದಿನ ಊತ ಸಣ್ಣದಾಗಿ, ರೋಗವಿದ್ದರೂ ಸಿಕ್ಕಿಬೀಳದೆ ಹೋಗುವ ಸಾಧ್ಯತೆ ಹೆಚ್ಚೆಂದು 2012ರ ಅಧ್ಯಯನ ಎಚ್ಚರಿಸಿತು. ಈ ಕಾರಣಕ್ಕೆ, 2015ರಿಂದ ಫೆಬ್ರವರಿ 10ರಂದು ಅಂಗನವಾಡಿ ಮತ್ತು ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ರಕ್ತಹೀನತೆಯ ಲೆಕ್ಕದಲ್ಲಿ ಮಾತ್ರ ಅಳೆಯುವುದು ಸಾಲದು.

ತಡೆಯಿಂದ ಲಾಭವಾದ ಉದಾಹರಣೆಯೂ ಇದೆ. ಚೆನ್ನೈನ ಸಂಶೋಧಕರು ಸಕ್ಕರೆ ಕಾಯಿಲೆಯವರಲ್ಲಿ ಆನೆಕಾಲು ಸೋಂಕಿನ ಕುರುಹು, ಆ ಕಾಯಿಲೆ ಇಲ್ಲದವರಿಗಿಂತ ಕಡಿಮೆ ಇರುವುದನ್ನು ಕಂಡರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಜೊತೆಗೆ ಸೋಂಕೂ ಇದ್ದವರ ರಕ್ತದಲ್ಲಿ ಉರಿಯೂತದ ಸೈಟೋಕೈನುಗಳು ತಗ್ಗಿದ್ದವು. ಆನೆಕಾಲು ಹುಳು ಬೇಕೆಂದು ಯಾರೂ ಹೇಳಲಾರರು, ಆದರೆ ಅದರ ಅಣು ಬೇಕೆನ್ನುವವರಿದ್ದಾರೆ. ಕರುಳಿನ ಕ್ರೋನ್ಸ್ ರೋಗಿಗಳಿಗೆ ಹಂದಿಯ ಚಾಟಿಹುಳುವಿನ ಜೀವಂತ ಮೊಟ್ಟೆಗಳನ್ನೇ ಕುಡಿಸಿ ನೋಡಿದ ದೊಡ್ಡ ಪ್ರಯೋಗ 2013ರಲ್ಲಿ ನಿರೀಕ್ಷಿತ ಫಲ ಕೊಡದೆ ನಿಂತಿತು. ಇಎಸ್-62 ಇಲಿಗಳ ಸಂಧಿವಾತವನ್ನು ತಗ್ಗಿಸುತ್ತದೆ, ಆದರೆ ಅಷ್ಟು ದೊಡ್ಡ ಹೊರಗಿನ ಪ್ರೋಟೀನನ್ನು ಮನುಷ್ಯನಿಗೆ ಚುಚ್ಚಿದರೆ ದೇಹ ಅದರ ವಿರುದ್ಧವೇ ಪ್ರತಿಕಾಯ ಕಟ್ಟುತ್ತದೆ. ಆದ್ದರಿಂದ ಅದರ ಫಾಸ್ಫೊರಿಲ್‌ಕೋಲಿನ್ ತುದಿಯನ್ನು ಅನುಕರಿಸುವ ಸಣ್ಣ ಅಣುಗಳನ್ನು ರಸಾಯನಶಾಸ್ತ್ರಜ್ಞರು ಕಟ್ಟಿದ್ದಾರೆ. ಅವುಗಳಲ್ಲಿ ಕೆಲವು ಇಲಿಗಳಲ್ಲಿ ಮೂಲ ಪ್ರೋಟೀನಿನಂತೆಯೇ ಸಂಧಿವಾತವನ್ನೂ ಉಬ್ಬಸವನ್ನೂ ತಡೆದಿವೆ.